ಎರಡು ಸಲ ಹೇಳಿದ ಸಾಲು

ಈ ಸಂಗತಿಯನ್ನು ನಾನು ಹಲವು ಬ್ಯಾಚುಗಳಿಗೆ ಹೇಳಿದ್ದೇನೆ. ಪ್ರತಿ ವರ್ಷ, ಹನ್ನೆರಡನೆಯ ಕ್ಲಾಸಿನ ಥರ್ಮೋಡೈನಾಮಿಕ್ಸ್ ಪಾಠ ಶುರುಮಾಡುವ ದಿನ. ಹಾಗೆ ಹೇಳುವ ಕಥೆಯಲ್ಲಿ ನಾನು ನನ್ನ ತಪ್ಪನ್ನು ಕಂಡ ಕೂಡಲೇ ರೈಲು ಹತ್ತಿ, ವಿದ್ಯಾರ್ಥಿನಿಯ ಮನೆಗೆ ಹೋಗಿ, ಒಪ್ಪಿಕೊಂಡು ಬರುತ್ತೇನೆ. ಮಕ್ಕಳು ಗೌರವದಿಂದ ನೋಡುತ್ತಾರೆ. ರೈಲು ಹತ್ತಿದ್ದು ನಿಜ. ಮನೆಗೆ ಹೋದದ್ದೂ ನಿಜ. ಉಳಿದದ್ದನ್ನು ಇಲ್ಲಿ ಬರೆದು ನೋಡುತ್ತೇನೆ. ಸರಿಯಾಗಿ ಬರುತ್ತದೆಂಬ ಭರವಸೆ ಇಲ್ಲ.

ಆಗ ನಾನು ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಯಲ್ಲೇ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತಿದ್ದೆ. ಮಧ್ಯಾಹ್ನ ಠಾಣೆಗೆ ಬಂದು, ಗಾಡಿ ಬದಲಿಸಿ, ಸಾನಪಾಡಾಕ್ಕೆ ಹೋಗಿ ಅಲ್ಲೊಂದು ಮನೆಯಲ್ಲಿ ನಾಲ್ಕೈದು ಜನರಿಗೆ ಹೇಳುತ್ತಿದ್ದೆ. ನೋಟ್ಸನ್ನು ಬಾಯಿಂದ ಬರೆಸುವುದು ನನ್ನ ರೂಢಿ. ನನ್ನ ಹತ್ತಿರ ಬರೆದಿಟ್ಟ ಪ್ರತಿ ಯಾವತ್ತೂ ಇರಲಿಲ್ಲ. ಬೇಕಿರಲಿಲ್ಲ ಎಂದುಕೊಂಡಿದ್ದೆ.

ಪ್ರತಿ ಇದ್ದದ್ದು ಒಬ್ಬ ಹುಡುಗಿಯ ಬಳಿ. ಠಾಣೆ ಸ್ಟೇಷನ್ನಿನ ಪೂರ್ವಕ್ಕೆ, ಕೋಪರಿಯಲ್ಲಿ ಅವಳ ಮನೆ. ಉಡುಪಿ ಕಡೆಯವರು, ತಂದೆ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವಳಷ್ಟು ಚೆಂದ ಬರೆದುಕೊಂಡವರನ್ನು ನಾನು ಮತ್ತೆ ಕಂಡಿಲ್ಲ. ಕಾಟು ಹೊಡೆದದ್ದಿಲ್ಲ, ತಿದ್ದಿದ್ದಿಲ್ಲ, ಬೆಂಜೀನಿನ ಆರು ಮೂಲೆಗಳೂ ಅಚ್ಚಿನಲ್ಲಿ ತೆಗೆದಂತೆ. ನಾನು ಒಂದು ಸಾಲನ್ನು ಎರಡು ಸಲ ಹೇಳಿದರೆ ಅವಳು ಪಕ್ಕದ ಮಾರ್ಜಿನ್ನಿನಲ್ಲಿ ಎರಡು ಸಣ್ಣ ಗೆರೆ ಎಳೆಯುತ್ತಿದ್ದಳು. ಮುಖ್ಯವಾದದ್ದು ಎಂದು ಅರ್ಥ. ಇಡೀ ಬ್ಯಾಚು ಅವಳ ನೋಟ್‌ಬುಕ್ಕನ್ನು ಝೆರಾಕ್ಸ್ ಮಾಡಿಸಿತು. ಮುಂದಿನ ಬ್ಯಾಚೂ ಮಾಡಿಸಿತು. ಕೊನೆಗೆ ನಾನೂ ಒಂದು ಪ್ರತಿ ಮಾಡಿಸಿ, ಅದನ್ನು ನೋಡಿಕೊಂಡೇ ಪಾಠ ಹೇಳತೊಡಗಿದೆ. ನನ್ನದೇ ಮಾತು, ಅವಳ ಕೈಬರಹದಲ್ಲಿ.

ಮಾರ್ಚ್ ಪರೀಕ್ಷೆಯಲ್ಲಿ ಆ ನೋಟ್ಸ್ ಓದಿದವರೆಲ್ಲ ಪಾಸಾದರು. ಬರೆದವಳು ಕೆಮಿಸ್ಟ್ರಿಯಲ್ಲಿ ನಪಾಸಾದಳು. ಮೂವತ್ತೈದು ಬೇಕಿತ್ತು, ಇಪ್ಪತ್ತೊಂಬತ್ತು ಬಂದಿತ್ತು.

ಅವಳ ತಂದೆ ಹೆಚ್ಚು ಮಾತಾಡುವವರಲ್ಲ. ‘ಅಕ್ಟೋಬರಿನಲ್ಲಿ ಇನ್ನೊಮ್ಮೆ. ಅಷ್ಟೇ,’ ಎಂದರಂತೆ. ತಾಯಿ ಬಿಲ್ಡಿಂಗಿನಲ್ಲಿ, ನೆಂಟರಲ್ಲಿ, ಮಗಳು ಕಲ್ಯಾಣದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಎಂದು ಹೇಳಿಬಿಟ್ಟಿದ್ದರು. ಆದ್ದರಿಂದ ಹುಡುಗಿ ದಿನಾ ಬೆಳಿಗ್ಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಕಲ್ಯಾಣದ ಗಾಡಿ ಹತ್ತಬೇಕಿತ್ತು. ಡೊಂಬಿವಲಿಯಲ್ಲಿ ಇಳಿದು ನನ್ನ ಅಡುಗೆಮನೆಯಲ್ಲಿ ಕೂತು ಓದುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಹೊಸ ಬ್ಯಾಚು ಅವಳ ನೋಟ್ಸಿನ ಝೆರಾಕ್ಸ್ ಹಿಡಿದು ಕೂತಿರುತ್ತಿತ್ತು. ಬರೆದವಳು ಗೋಡೆಯ ಈಚೆ ಇದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಅವಳಿಗೆ ಆರ್ಗ್ಯಾನಿಕ್ ಕಷ್ಟ ಎಂದು ನಾನೇ ತೀರ್ಮಾನಿಸಿ ಮೂರು ತಿಂಗಳು ಅದನ್ನೇ ಮಾಡಿಸಿದೆ. ಥರ್ಮೋಡೈನಾಮಿಕ್ಸ್ ನಿನಗೆ ಗೊತ್ತಿದೆ, ನೋಟ್ಸ್ ಓದಿಕೋ, ಎಂದಿದ್ದೆ.

ಅಕ್ಟೋಬರ್ ಪರೀಕ್ಷೆಯ ಹಿಂದಿನ ದಿನ, ಮಧ್ಯಾಹ್ನ, ಸಾನಪಾಡಾ. ಸೆಕೆ. ಫ್ಯಾನು ಝೆರಾಕ್ಸ್ ಹಾಳೆಗಳನ್ನು ಹಾರಿಸುತ್ತಿತ್ತು. ಎಲ್ಲರೂ ಅವುಗಳ ಮೇಲೆ ಮೊಬೈಲು, ಜಾಮಿಟ್ರಿ ಬಾಕ್ಸು ಏನೇನೋ ಹೇರಿ ಕೂತಿದ್ದರು. ಅವರಲ್ಲೊಬ್ಬ, ಸದಾ ತಮಾಷೆ ಮಾಡುವ ಹುಡುಗ, ಕೈ ಎತ್ತಿದ.

‘ಮ್ಯಾಮ್, ಏಕ್ ಮಿನಿಟ್. ಗ್ಯಾಸಿಗೆ ಐನೂರು ಜೂಲ್ ಶಾಖ ಕೊಟ್ಟೆವು. ಅದು ಪಿಸ್ಟನ್ ತಳ್ಳಿ ಇನ್ನೂರು ಖರ್ಚು ಮಾಡಿತು. ನೋಟ್ಸಿನ ಪ್ರಕಾರ ಒಳಗೆ ಏಳ್ನೂರು ಉಳಿಯಿತು. ಯೇ ಕ್ಯಾ ಹೈ, ಚಿಟ್ ಫಂಡ್?’

ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಬರೆದುಕೊಳ್ಳುವಾಗ ತಪ್ಪಿದೆ. ಮೈನಸ್ ಹಾಕಿಕೋ. ಮುನ್ನೂರು,’ ಎಂದೆ. ಆಮೇಲೆ ಆ ಹಾಳೆಯ ಕೈಬರಹ ನೋಡಿದೆ.

ನಾನು ಧಾರವಾಡದಲ್ಲಿ ಡಿಗ್ರಿ ಓದುವಾಗ, ಗ್ಯಾಸು ಮಾಡಿದ ಕೆಲಸವನ್ನು ಪ್ಲಸ್ ಎಂದು ಬರೆದು ಸೂತ್ರದಲ್ಲಿ ಕಳೆಯುತ್ತಿದ್ದೆವು. ಈಗಿನ ಪುಸ್ತಕದಲ್ಲಿ ಕೆಲಸವನ್ನೇ ಮೈನಸ್ ಎಂದು ಬರೆದು ಸೂತ್ರದಲ್ಲಿ ಕೂಡಿಸುತ್ತಾರೆ. ಎರಡೂ ಸರಿ. ಇದರ ಅರ್ಧಕ್ಕೆ ಅದರ ಅರ್ಧ ಸೇರಿಸಿದರೆ ಮಾತ್ರ ಐನೂರು ಕೊಟ್ಟು ಏಳ್ನೂರು ಬರುತ್ತದೆ. ಹಾಳೆಯಲ್ಲಿ ಸೂತ್ರ ಹೊಸದು, ಪ್ಲಸ್ ಗುರುತು ಹಳೆಯದು. ಠಾಣೆಯಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಧಾರವಾಡದ ಹಳೆಯ ಗುರುತು ಎಲ್ಲಿಂದ ಸಿಕ್ಕೀತು?

ಈ ಪ್ರಶ್ನೆ ಆಗಲೇ ನನ್ನ ಮನಸ್ಸಿಗೆ ಬಂತೋ, ಬರೆಯುವಾಗ ಈಗ ಬರುತ್ತಿದೆಯೋ ಗೊತ್ತಿಲ್ಲ. ಈಗ ಎಂದು ಅನುಮಾನ. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ನಾಳೆ ಹನ್ನೊಂದು ಗಂಟೆಗೆ ಅವಳ ಪರೀಕ್ಷೆ.

ಫೋನು ಮಾಡಬಹುದಿತ್ತು. ಅವರ ಮನೆಯಲ್ಲಿ ಫೋನಿತ್ತು. ಬ್ಯಾಚುಗಳಿಗೆ ಹೇಳುವಾಗ, ಇಂಥದ್ದನ್ನು ಎದುರಿಗೇ ಹೋಗಿ ಹೇಳಬೇಕು ಅನ್ನಿಸಿತು ಎನ್ನುತ್ತೇನೆ. ಹಾಗಲ್ಲ. ಝೆರಾಕ್ಸಿನಲ್ಲಿ ಮಾರ್ಜಿನ್ ಕತ್ತರಿಸಿ ಹೋಗಿತ್ತು. ಮೂಲ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ ಏನಿದೆ ಎಂದು, ಅವಳಿಗೆ ಏನಾದರೂ ಹೇಳುವ ಮೊದಲು, ನಾನು ನೋಡಬೇಕಿತ್ತು.

ಕ್ಲಾಸು ಅರ್ಧಕ್ಕೆ ಬಿಟ್ಟು ಠಾಣೆ ಗಾಡಿ ಹತ್ತಿದೆ. ಕೂರಲು ಜಾಗ ಸಿಕ್ಕಿತು. ಲೆಕ್ಕ ಹಾಕಿದೆ: ಅವಳಿಗೆ ಕಡಿಮೆ ಬಿದ್ದದ್ದು ಆರು ಅಂಕ. ಮಾರ್ಚಿನ ಪತ್ರಿಕೆಯಲ್ಲಿ ಈ ಜಾತಿಯ ಲೆಕ್ಕ ನಾಲ್ಕು ಅಂಕಕ್ಕೆ ಬಂದಿತ್ತು. ಪೂರ್ತಿ ಹೋಯಿತು ಅಂದರೂ ನಾಲ್ಕು. ಬರೀ ನಾಲ್ಕು ಹೋದದ್ದಕ್ಕೆ ನಪಾಸಾದದ್ದಲ್ಲ, ಇನ್ನೆರಡು ಅವಳೇ ಕಳೆದುಕೊಂಡದ್ದು. ಎದೆ ಸ್ವಲ್ಪ ಹಗುರಾಯಿತು. ರಬಾಳೆ ದಾಟುವಾಗ ಎರಡು ಅಂಕದ ಇನ್ನೊಂದು ಪ್ರಶ್ನೆ ನೆನಪಾಯಿತು. ಅದೇ ಗುರುತಿನದು. ನಾಲ್ಕೂ ಎರಡೂ ಆರು. ಆ ಎರಡಂಕದ ಪ್ರಶ್ನೆ ಮಾರ್ಚಿನ ಪತ್ರಿಕೆಯಲ್ಲಿ ನಿಜವಾಗಿ ಇತ್ತೇ? ಆಮೇಲೆ ಯಾವತ್ತಾದರೂ ತೆಗೆದು ನೋಡಬಹುದಿತ್ತು. ನೋಡಲಿಲ್ಲ.

ಬಾಗಿಲು ತೆಗೆದದ್ದು ತಾಯಿ. ‘ಅಯ್ಯೋ, ಟೀಚರೇ! ಬನ್ನಿ ಬನ್ನಿ. ನೀವೇ ಬಂದದ್ದು ಭಾರೀ ಒಳ್ಳೆಯದಾಯ್ತು. ಇವಳು ಬೆಳಿಗ್ಗೆಯಿಂದ ಅದೇ ಪುಸ್ತಕ ಹಿಡಿದು ಕೂತದ್ದು. ಬರವಣಿಗೆ ನೋಡಿದರೆ ಮುತ್ತು. ಮಂಡೆಯಲ್ಲಿ ಎಂತ ಇಲ್ಲ.’

ಹುಡುಗಿ ಕಿಟಕಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ತಾಯಿಯ ಮಾತು ಎಷ್ಟು ಸಲ ಕೇಳಿ ಹಳೆಯದಾಗಿತ್ತೋ, ತಲೆ ಎತ್ತಲಿಲ್ಲ. ತಾಯಿ ಚಾ ಇಡಲು ಒಳಗೆ ಹೋದರು.

ನಾನು ನೋಟ್‌ಬುಕ್ ಕೇಳಿ ತೆಗೆದುಕೊಂಡೆ. ಪುಟ ಸಿಕ್ಕಿತು. ಮಾರ್ಜಿನ್ ನೋಡಿದೆ, ಅಥವಾ ನೋಡಿಯೂ ನೋಡದಂತೆ ಕಣ್ಣು ಆಚೆ ತೆಗೆದೆ. ನಂತರ ನಾನು ಆಡಿದ ಮಾತು ಮಾತ್ರ ಅಕ್ಷರಕ್ಕೆ ಅಕ್ಷರ ನೆನಪಿದೆ: ‘ನೋಡು, ಇಲ್ಲಿ ನೀನು ಗುರುತು ತಪ್ಪಾಗಿ ಬರೆದುಕೊಂಡಿದ್ದೀಯ. ಮೈನಸ್ ಆಗಬೇಕು.’

ಅವಳು ಎದ್ದು ಬಂದಳು. ನನ್ನ ಜೊತೆ ಯಾವಾಗಲೂ ಹಿಂದಿಯಲ್ಲೇ ಮಾತಾಡುವವಳು. ‘ಕಹಾಂ?’ ಎಂದಳು. ತೋರಿಸಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು, ಹಾಗೇ ಎಡಕ್ಕೆ ಸರಿಸಿದಳು. ಎರಡು ಗೆರೆ.

‘ಇದು ನೀವು ಎರಡು ಸಲ ಹೇಳಿದ್ದು, ಮಿಸ್.’ ಈಗ ಕನ್ನಡ.

‘ಕೇಳಿಸಿಕೊಳ್ಳುವಾಗ ಒಂದೊಂದು ಸಲ...’

‘ಎರಡು ಸಲವೂ?’

ಒಳಗೆ ಚಾದ ಪಾತ್ರೆಯ ಸದ್ದು. ಅವಳು ಪಕ್ಕದಲ್ಲಿದ್ದ ಹನ್ನೆರಡನೆಯ ಕ್ಲಾಸಿನ ಪಠ್ಯಪುಸ್ತಕ ತೆಗೆದು, ಹುಡುಕಬೇಕಾಗಿಯೂ ಬರಲಿಲ್ಲ, ನೇರ ಆ ಪುಟಕ್ಕೆ ಹೋದಳು. ಅಲ್ಲಿ ಮೈನಸ್ ಇತ್ತು. ಅದರ ಸುತ್ತ ಪೆನ್ಸಿಲಿನ ಒಂದು ಸೊನ್ನೆ.

‘ಇದನ್ನು ನಾನು ಹೋದ ವರ್ಷವೇ ನೋಡಿದ್ದೆ.’

‘ಮತ್ತೆ ಕೇಳಬೇಕಿತ್ತಲ್ಲ?’ ನನ್ನ ದನಿ ಏರಿತು. ಬೈಯುವ ಹಕ್ಕು ಸಿಕ್ಕಿದ್ದಕ್ಕೆ ಒಳಗೆ ಸಮಾಧಾನವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

‘ಪುಸ್ತಕಕ್ಕಿಂತ ನನ್ನ ನೋಟ್ಸ್ ನಂಬಿ ಅಂತ ನೀವೇ ಹೇಳ್ತಿದ್ದದ್ದು. ಎಲ್ಲರೂ ಗೈಡು ನೋಡಿ ಬದಲಾಯಿಸಿಕೊಂಡಿದ್ದಾರೆ. ನಾನು ಮಾತ್ರ ನಂಬಿದ್ದು.’

ಅದು ಅವಳ ಬಾಯಿಂದ ಬಂದ ಮಾತೇ, ನಾನು ನಂತರ ಅವಳ ಬಾಯಿಗೆ ಹಾಕಿದ್ದೇ? ಪುಸ್ತಕಕ್ಕಿಂತ ನನ್ನ ನೋಟ್ಸ್ ನಂಬಿ ಎಂಬುದು ನನ್ನದೇ. ಎಲ್ಲ ಟ್ಯೂಷನ್ನಿನವರೂ ಹಾಗೆ ಹೇಳುತ್ತಾರೆ. ಹೇಳದಿದ್ದರೆ ಮಕ್ಕಳು ನಮ್ಮ ಹತ್ತಿರ ಯಾಕೆ ಬರಬೇಕು.

‘ನಾಳೆ ಯಾವುದು ಬರೆಯಬೇಕು?’

‘ಮೈನಸ್.’

‘ಪಕ್ಕಾ?’

‘ಪಕ್ಕಾ.’

‘ಎರಡು ಸಲ ಹೇಳಿ.’

ಹೇಳಿದೆ. ಅವಳು ಗೆರೆ ಎಳೆಯಲಿಲ್ಲ. ನೋಟ್‌ಬುಕ್ ಮೊದಲ ಪುಟಕ್ಕೆ ತಿರುಗಿಸಿ, ಪಠ್ಯಪುಸ್ತಕವನ್ನೂ ಮೊದಲಿಗೆ ತಿರುಗಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಳು. ಏನು ಮಾಡುತ್ತಿದ್ದಾಳೆಂದು ನನಗೆ ಒಂದು ಕ್ಷಣ ತಡವಾಗಿ ಹೊಳೆಯಿತು. ಎರಡು ಗೆರೆ ಇದ್ದ ಪ್ರತಿ ಸಾಲನ್ನೂ ಪುಸ್ತಕದ ಜೊತೆ ಹೋಲಿಸುತ್ತಿದ್ದಳು. ಇನ್ನೂರು ಪುಟ. ಪರೀಕ್ಷೆಗೆ ಇನ್ನು ಒಂದೇ ರಾತ್ರಿ.

‘ಅದೊಂದೇ ತಪ್ಪು. ಬೇರೆಲ್ಲ ಸರಿ ಇದೆ. ಈಗ ಇದನ್ನೆಲ್ಲ ಶುರು ಮಾಡಬೇಡ, ಓದಿದ್ದೂ ಹೋಗುತ್ತದೆ,’ ಎಂದೆ.

‘ನಿಮಗೆ ಹೇಗೆ ಗೊತ್ತು?’

ಗೊತ್ತಿರಲಿಲ್ಲ. ನಾನೂ ಅವಳ ಝೆರಾಕ್ಸನ್ನೇ ನಂಬಿದ್ದೆ.

ತಾಯಿ ಚಾ ತಂದರು. ‘ಎಂತ ಆಯ್ತು? ಇಬ್ಬರೂ ಯಾಕೆ ಹೀಗೆ ಕೂತದ್ದು?’

‘ಏನಿಲ್ಲ,’ ಎಂದೆ. ‘ಒಂದು ಸಣ್ಣ ಡೌಟ್ ಇತ್ತು ಅವಳಿಗೆ.’

‘ಇವಳದ್ದು ಯಾವಾಗಲೂ ಹೀಗೆ, ಟೀಚರೇ. ಕೊನೆ ಗಳಿಗೆಯಲ್ಲಿ ಡೌಟು.’

ಹುಡುಗಿ ನನ್ನ ಮುಖ ನೋಡಿದಳು. ನಾನು ಚಾ ಕುಡಿದೆ. ಬಿಸಿ ಇತ್ತು, ಆದರೂ ಬೇಗ ಬೇಗ ಕುಡಿದು ಎದ್ದೆ.

ಮರುದಿನ ಬೆಳಗಿನ ಬ್ಯಾಚಿಗೆ ರಜೆ ಹೇಳಿ ಪರೀಕ್ಷೆಯ ಸೆಂಟರಿಗೆ ಹೋದೆ. ಅದು ಮಾಜಿವಾಡಾದ ಆಚೆ ಒಂದು ಕಾಲೇಜು. ಗೇಟಿನ ಬಳಿ ತಾಯಿ ಕೊಡೆ ಬಿಚ್ಚಿ ನಿಂತಿದ್ದರು. ಮಗಳು ಬೆಳಗಿನ ಜಾವದವರೆಗೂ ದೀಪ ಆರಿಸಿರಲಿಲ್ಲ ಎಂದರು. ‘ಹೋಗುವಾಗ ಕಣ್ಣು ಕೆಂಪು. ಈ ಸಲವೂ ಹೋಯ್ತು ಅಂತ ಕಾಣ್ತದೆ. ಇವಳ ಅಪ್ಪ ಇನ್ನೊಂದು ಸಲ ಬರೆಯಲು ಬಿಡುವುದಿಲ್ಲ, ಟೀಚರೇ.’ ಮೂರು ಗಂಟೆ ನಾವಿಬ್ಬರೂ ಆ ಕೊಡೆಯ ಕೆಳಗೆ ಅತ್ತ ಇತ್ತ ಕಾಲು ಬದಲಿಸುತ್ತ ನಿಂತೆವು. ಹೇಳಲು ಮೂರು ಗಂಟೆ ಇತ್ತು. ನವರಾತ್ರಿಗೆ ಯಾರು ಬಂದಿದ್ದರು, ಮಗಳ ಕಾಲೇಜಿನ ಬಗ್ಗೆ ಯಾರು ಏನು ಕೇಳಿದರು, ತಾವು ಏನು ಸುಳ್ಳು ಹೇಳಿದರು, ಎಲ್ಲವನ್ನೂ ಅವರು ನನಗೆ ಹೇಳಿದರು. ನಾನು ಏನೂ ಹೇಳಲಿಲ್ಲ.

ಅವಳು ಪಾಸಾದಳು, ನಲವತ್ತೊಂದು. ಅದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ, ತಾಯಿಯ ಫೋನಿನಿಂದ. ಮುಂದಿನ ಜೂನಿನಲ್ಲಿ ನಿಜವಾಗಿಯೂ ಬಿ.ಎಸ್ಸಿ. ಸೇರಿದಳು. ಬ್ಯಾಚುಗಳಿಗೆ ಹೇಳುವಾಗ ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಆದರೆ ಗೇಟಿನ ಬಳಿ ನಿಂತಾಗ ಆ ನಲವತ್ತೊಂದು ಇನ್ನೂ ಇರಲಿಲ್ಲ.

ಗಂಟೆ ಹೊಡೆದು ಎಲ್ಲರೂ ಹೊರಗೆ ಬಂದರು. ಅವಳು ಕೊನೆಯಲ್ಲಿ ಬಂದಳು.

‘ಆ ಲೆಕ್ಕ ಬಂದಿತ್ತಾ?’ ಎಂದೆ.

‘ಬಂತು.’

‘ಏನು ಹಾಕಿದೆ?’

‘ಪುಸ್ತಕದ್ದು.’ ತಾಯಿಯ ಕೈಗೆ ಬ್ಯಾಗು ಕೊಟ್ಟಳು. ‘ಮಿಸ್, ಅಮ್ಮನಿಗೆ ಹೇಳಿ.’

‘ಏನನ್ನು?’ ಎಂದು ಕೇಳಿದೆನಲ್ಲ, ಆ ಪ್ರಶ್ನೆಯನ್ನು ಈಗಲೂ ಬಾಯಿಂದ ವಾಪಸು ತೆಗೆದುಕೊಳ್ಳಬೇಕು ಅನ್ನಿಸುತ್ತದೆ.

‘ಮಾರ್ಚಿನದ್ದು.’

‘ನೋಟ್ಸಿನಲ್ಲಿ ಒಂದು ಸಣ್ಣ ತಪ್ಪು...’ ಎಂದು ಶುರುಮಾಡಿದೆ.

‘ಸಣ್ಣದಲ್ಲ. ಯಾರದ್ದು ಅಂತ ಹೇಳಿ.’

ಹೆದ್ದಾರಿಯ ಮೇಲೆ ಲಾರಿಗಳು. ದನಿ ಎತ್ತಿ ಹೇಳಬೇಕಾಯಿತು. ‘ತಪ್ಪು ನನ್ನದು. ಹೋದ ವರ್ಷ ಆ ಪಾಠ ನಾನು ತಪ್ಪಾಗಿ ಹೇಳಿಕೊಟ್ಟೆ. ಇವಳು ನಾನು ಹೇಳಿದ್ದನ್ನು ಹಾಗೆಯೇ ಬರೆದಳು. ಮಾರ್ಚಿನಲ್ಲಿ ಕಡಿಮೆ ಬಿದ್ದ ಅಂಕ ಅದರಿಂದಲೇ ಹೋಗಿರಬಹುದು.’ ‘ಇರಬಹುದು’ ಎಂದು ಸೇರಿಸಿದೆ. ಅಷ್ಟನ್ನು ಬಿಟ್ಟುಕೊಡಲು ಆಗಲಿಲ್ಲ.

‘ಇರಲಿ, ನೀವು ಬೇಕಂತ ಮಾಡಿದ್ದಾ’ ಎಂದು ತಾಯಿ ಹೇಳುತ್ತಾರೆಂದು ಕಾಯುತ್ತಿದ್ದೆ. ಅವರ ಸ್ವಭಾವ ಹಾಗೆ. ಅವರು ಕೊಡೆ ಮಡಚಿದರು. ಮಗಳ ಕಡೆ ನೋಡಲಿಲ್ಲ, ನನ್ನನ್ನೇ ಕೇಳಿದರು:

‘ಹಾಗಾದರೆ ಇಷ್ಟು ದಿನ ನಾನು ಇವಳಿಗೆ ಬೈದದ್ದು?’

ಇಲ್ಲಿ ಬಸ್ಸು ಬಂತು ಎಂದು ಬರೆಯಲು ಕೈ ಹೋಗುತ್ತದೆ. ಬಸ್ಸು ಬರಲಿಲ್ಲ. ಆ ಬಿಸಿಲಿನಲ್ಲಿ ಮೂವರೂ ಒಂದೇ ಸ್ಟಾಪಿನಲ್ಲಿ, ಒಂದೇ ನಂಬರಿನ ಬಸ್ಸಿಗೆ, ಅರ್ಧ ಗಂಟೆ ನಿಂತೆವು.