ಗಾಯವಿಲ್ಲದೆ ಬರುವ ಅಳಿಯ

ಗುದ್ದಾಟಕ್ಕೆ ಹೋದವನು ಮುಖ ಊದಿಸಿಕೊಂಡು ಬರಬೇಕು. ಈ ಅಳಿಯ ಮಾತ್ರ ಸೋತ ದಿನವೂ ಈಗಷ್ಟೇ ಕ್ಷೌರ ಮಾಡಿಸಿಕೊಂಡವನಂತೆ ನುಣ್ಣಗೆ ಬರುತ್ತಿದ್ದ. ಅತ್ತೆಗೆ ಅನುಮಾನ ಹುಟ್ಟಿದ್ದು ಅಲ್ಲೇ.

ಅತ್ತೆ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಗಂಡ ತೀರಿಕೊಂಡ ಮೇಲೆ ಮಗಳ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ ಹಾಕಿಕೊಂಡಿದ್ದಳು. ಬಾಕ್ಸಿಂಗ್ ಹಾಲ್‌ನವರ ಚಡ್ಡಿ, ಬನಿಯನ್, ಹೊಲಿಗೆ ಬಿಟ್ಟ ಗ್ಲೌಸ್ ಎಲ್ಲ ಅವಳ ಕೈಗೇ ಬರುತ್ತಿದ್ದವು. ಬೇರೆಯವರ ಬನಿಯನ್ನಿನಲ್ಲಿ ರಕ್ತದ ಕಲೆ ಇರುತ್ತಿತ್ತು. ಅಳಿಯನದರಲ್ಲಿ ಬರೀ ಬೆವರು. ಕಿಟಕಿಯ ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿದರೂ ಅಷ್ಟೇ.

ಅಳಿಯ ಹಗಲು ಬಸ್ ಡಿಪೋದಲ್ಲಿ ಟೈರ್ ಬದಲಿಸುತ್ತಿದ್ದ, ಸಂಜೆ ರಿಂಗಿಗೆ ಇಳಿಯುತ್ತಿದ್ದ. ಏಳು ವರ್ಷದಲ್ಲಿ ಒಮ್ಮೆಯೂ ನೆಲಕ್ಕೆ ಬಿದ್ದವನಲ್ಲ, ಆದರೂ ಪಾಯಿಂಟ್ ಲೆಕ್ಕದಲ್ಲಿ ಸೋತದ್ದೇ ಹೆಚ್ಚು. ಹಾಲ್‌ನಲ್ಲಿ ಅವನ ಅಡ್ಡಹೆಸರು 'ಪುಕ್ಕಲ'.

"ಇದರಲ್ಲಿ ಏನೋ ಒಳಒಪ್ಪಂದ ಇದೆ ಕಣೇ," ಎಂದಳು ಅತ್ತೆ ಮಗಳ ಹತ್ತಿರ. "ಎದುರಿನವನು ಮೆತ್ತಗೆ ತಟ್ತಾನೆ, ಇವನು ದುಡ್ಡು ತಿಂದು ಸೋಲ್ತಾನೆ."

"ದುಡ್ಡು ತಿಂದಿದ್ರೆ ಈ ಸೋರೋ ನಲ್ಲಿನಾದ್ರೂ ರಿಪೇರಿ ಆಗ್ತಿತ್ತಮ್ಮಾ."

"ನಿನಗೆ ಎಲ್ಲ ತಮಾಷೆ. ಮೋಸದ ಅನ್ನ ಉಣ್ಣೋ ಮನೇಲಿ ನಾನಿರಲ್ಲ, ನಿನ್ನನ್ನೂ ಬಿಡಲ್ಲ."

ಮಗಳ ನಗು ನಿಂತಿತು. "ಸರಿ. ನಿಜ ಅಂತ ತೋರಿಸು, ನಾನೇ ಪೆಟ್ಟಿಗೆ ಕಟ್ತೀನಿ. ಸುಳ್ಳಾದ್ರೆ, ಅವರು ಊಟಕ್ಕೆ ಕೂತಾಗ ಹೀಗೆ ಪೊಲೀಸಿನವರ ಥರ ಮುಖ ನೋಡೋದನ್ನ ಬಿಟ್ಟುಬಿಡು."

ಭಾನುವಾರ ಜಿಲ್ಲಾ ತಂಡದ ಆಯ್ಕೆಗೆ ಪಂದ್ಯ. ಎದುರಾಳಿಯನ್ನು ಎಲ್ಲರೂ 'ಸುತ್ತಿಗೆ' ಅನ್ನುತ್ತಿದ್ದರು. ಅವನ ನೀಲಿ ಗ್ಲೌಸ್ ಹೊಲಿಗೆಗೆ ಬಂತು. ಹೊಲಿದು ಮುಗಿಸಿದ ಅತ್ತೆಯ ಕಣ್ಣು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಮೇಲೆ ಬಿತ್ತು. ಕತ್ತರಿ ಎಲ್ಲಿ ಹೋಗಬೇಕೆಂದು ಅದು ಹೇಳುತ್ತದೆ. ಮುಷ್ಟಿ ಎಲ್ಲಿ ಹೋಯಿತೆಂದೂ ಹೇಳಲಿ. ಎದೆಯ ತುಂಬ ನೀಲಿ ಇದ್ದು ಬೆಳಿಗ್ಗೆ ಒಂದು ಬಾವೂ ಇರದಿದ್ದರೆ ಒಪ್ಪಂದ ನಿಜ. ನೀಲಿಯ ಮೇಲೆ ನೀಲಿ ಯಾರಿಗೂ ಕಾಣದು. ಪುಡಿ ಉದುರದಂತೆ ತಿಕ್ಕಿ ತಿಕ್ಕಿ ಹಚ್ಚಿದಳು.

ಭಾನುವಾರ ಅತ್ತೆ ಮೊದಲ ಸಲ ಹಾಲ್‌ಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ಅಳಿಯನಿಗೆ ಆಶ್ಚರ್ಯ. ಗಂಟೆ ಹೊಡೆಯಿತು. ಸುತ್ತಿಗೆಯ ಗುದ್ದುಗಳು ಫಟ್ ಫಟ್ ಎಂದು ಸದ್ದು ಮಾಡಿದವು. ಪ್ರತಿ ಸದ್ದಿಗೂ ಜನ ಕೂಗಿದರು. ಮೂರು ಕಡೆ ಕೂತ ಮೂವರು ತೀರ್ಪುಗಾರರು ತಲೆ ಬಗ್ಗಿಸಿ ಬರೆದುಕೊಂಡರು. ಅಳಿಯ ಮೊಣಕೈ ಮುದುರಿಕೊಂಡು, ತಲೆಯನ್ನು ಎರಡೇ ಬೆರಳಿನಷ್ಟು ಆಚೀಚೆ ಸರಿಸುತ್ತ, ತಿರುಗಿ ಒಂದೊಂದು ಚುಟುಕು ಗುದ್ದು ಕೊಡುತ್ತಿದ್ದ. ಅವಕ್ಕೆ ಸದ್ದೇ ಇರಲಿಲ್ಲ. ನಾಟಕ ಚೆನ್ನಾಗಿ ಕಲಿತಿದ್ದಾನೆ ಎಂದುಕೊಂಡಳು ಅತ್ತೆ.

ಎರಡನೇ ಸುತ್ತು ಮುಗಿದಾಗ ರೆಫರಿ ತನ್ನ ಬಿಳಿ ಅಂಗಿಯ ಮೇಲೆ ನೀಲಿ ಕಂಡು ಆಟ ನಿಲ್ಲಿಸಿದ.

"ಯಾರ ಕೆಲಸ ಇದು?"

ಸುತ್ತಿಗೆಯ ಮಾಸ್ತರು ಎಗರಿ ಬಿದ್ದರು. "ಗ್ಲೌಸ್ ಹೊಲಿದಿದ್ದು ಪುಕ್ಕಲನ ಮನೇಲಿ! ನಮ್ಮವನ ಕಣ್ಣಿಗೆ ಪುಡಿ ಬೀಳ್ಲಿ ಅಂತ ಮಾಡಿದ್ದಾನೆ. ಇವನ ಹೆಸರು ಪಟ್ಟಿಯಿಂದ ಕಿತ್ತುಹಾಕಿ, ಶಾಶ್ವತವಾಗಿ!"

ಅಳಿಯ ಒಮ್ಮೆ ಅತ್ತೆಯ ಕಡೆ ನೋಡಿದ. ನೀಲಿಯಾಗಿದ್ದ ಅವಳ ಉಗುರುಗಳನ್ನೂ ನೋಡಿದ. "ನನಗೆ ಗೊತ್ತಿಲ್ಲ," ಎಂದು ತಲೆ ತಗ್ಗಿಸಿದ. ಅವಳ ಹೆಸರು ಎತ್ತಲಿಲ್ಲ.

ಮೋಸಗಾರ ಇನ್ನೊಬ್ಬರ ತಪ್ಪಿಗೆ ಹೀಗೆ ಬಾಯಿ ಮುಚ್ಚಿಕೊಂಡಿರುತ್ತಾನೆಯೇ? ಅತ್ತೆ ಎದ್ದು ನಿಂತಳು.

"ನಾನು ಹಚ್ಚಿದ್ದು. ಅವರಿಗೆ ಗೊತ್ತಿಲ್ಲ."

"ಯಾಕಮ್ಮಾ?"

"ಅಳಿಯನ ಮೇಲೆ ನಂಬಿಕೆ ಇರಲಿಲ್ಲ."

ಹಾಲ್ ಪೂರ್ತಿ ನಕ್ಕಿತು. ಅವಳು ನಗಲಿಲ್ಲ. ಹಗ್ಗದ ಹತ್ತಿರ ಹೋಗಿ, ಅಂಗಿಯ ಅಳತೆ ನೋಡುವವಳಂತೆ ಅಳಿಯನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬನಿಯನ್ನಿನ ಎದೆ ಬಿಳಿ. ಹೊಟ್ಟೆ ಬಿಳಿ. ಮುಖದಲ್ಲಿ ಒಂದು ಚುಕ್ಕೆಯೂ ಇಲ್ಲ. ನೀಲಿಯೆಲ್ಲ ಮೊಣಕೈ ಮೇಲೆ, ಅವನ ಕೆಂಪು ಗ್ಲೌಸಿನ ಬೆನ್ನ ಮೇಲೆ. ಸುತ್ತಿಗೆ ಮೆತ್ತಗೂ ತಟ್ಟಿರಲಿಲ್ಲ, ಗಟ್ಟಿಯಾಗಿಯೂ ತಟ್ಟಿರಲಿಲ್ಲ. ತಟ್ಟಲು ಆಗಿಯೇ ಇರಲಿಲ್ಲ.

ತೀರ್ಪುಗಾರರ ಕಡೆ ತಿರುಗಿದಳು. "ಆಗಿಂದ ಬರ್ಕೋತಾನೇ ಇದ್ರಲ್ಲ, ಆ ಗುದ್ದುಗಳು ಎಲ್ಲಿ ಬಿದ್ವು ತೋರಿಸಿ."

"ಸದ್ದು ಕೇಳಿಸ್ತಲ್ಲಮ್ಮಾ," ಎಂದ ಒಬ್ಬ, ಮೆಲ್ಲಗೆ.

"ಸದ್ದು ಕೇಳ್ಕೊಂಡು ನಾನು ಕತ್ತರಿ ಹಾಕಿದ್ರೆ ನಿಮ್ಮ ಪ್ಯಾಂಟಿಗೆ ಒಂದೇ ಕಾಲಿರ್ತಿತ್ತು."

ಗ್ಲೌಸ್ ಬದಲಿಸಿ ಪಂದ್ಯವನ್ನು ಮೊದಲಿನಿಂದ ಆಡಿಸಿದರು. ಈ ಸಲ ಮೂವರೂ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಇಬ್ಬರು ಅಳಿಯನ ಹೆಸರು ಬರೆದರು, ಒಬ್ಬ ಸುತ್ತಿಗೆಯ ಹೆಸರನ್ನೇ ಬರೆದ. ಅಳಿಯ ತಂಡಕ್ಕೆ ಸೇರಿದ. ಮಗಳ ಪೆಟ್ಟಿಗೆ ಮಂಚದ ಕೆಳಗೇ ಉಳಿಯಿತು.

ಊಟಕ್ಕೆ ಕೂತಾಗ ಅತ್ತೆಯ ಕಣ್ಣು ಮತ್ತೆ ಅವನ ಮುಖಕ್ಕೆ ಹೋಯಿತು.

"ಅಮ್ಮಾ!" ಎಂದಳು ಮಗಳು.

"ಇರೇ. ಈ ಎಡಗಿವಿ ಯಾಕೆ ಕೆಂಪಾಗಿದೆ ಅಳಿಯಂದ್ರೇ?"

"ಅದೊಂದು ಬಿತ್ತು ಅತ್ತೆ. ನೀವು ಎದ್ದು ಹೋಗಿಬಿಟ್ರೇನೋ ಅಂತ ಆ ಕಡೆ ನೋಡ್ದೆ."

ಅತ್ತೆ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

"ಮುಂದಿನ ಸಲ ನಿಮ್ಮ ಕಣ್ಣಿಗೆ ಬೀಳದ ಹಾಗೆ ಕೂರ್ತೀನಿ. ಸುತ್ತಿಗೆ ಹೆಸರು ಬರೆದ್ನಲ್ಲ, ಆ ಮೂರನೆಯವನ ಬೆನ್ನ ಹಿಂದೆ. ಅವನೇನು ಬರೀತಾನೋ ನೋಡ್ಬೇಕು."