ತುಕ್ಕಮ್ಮ ‘ನಾನು’ ಅಂದದ್ದು

ನನ್ನ ತಂಗಿಗೆ ಮನೆಯಲ್ಲಿ ತುಕ್ಕಮ್ಮ ಅಂತ ಹೆಸರು. ಇಟ್ಟವರು ನಮ್ಮ ಯಜಮಾನರು. ಹಳೇ ನೀರಿನ ಪೈಪುಗಳ ಒಳಗಿನ ತುಕ್ಕಿನಲ್ಲಿ ಯಾವ ಸೂಕ್ಷ್ಮಜೀವಿಗಳಿವೆ, ಅವು ಕಬ್ಬಿಣವನ್ನು ಹೇಗೆ ತಿನ್ನುತ್ತವೆ ಎಂದು ಆರು ವರ್ಷ ತಲೆ ಕೆಡಿಸಿಕೊಂಡು ಡಾಕ್ಟರೇಟ್ ಪಡೆದವಳು ಅವಳು. ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ತುಕ್ಕಿನ ಡಬ್ಬಿ ಇಟ್ಟರೆ ಇನ್ನೇನು ಹೆಸರಿಡಬೇಕು, ಹೇಳಿ. ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೌಂಟರಿನವಳು. ಒಡೆದ ಪೈಪಿನ ತುಂಡುಗಳು ಅವಳಿಗೆ ಸಿಗುತ್ತಿದ್ದದ್ದು ನಮ್ಮ ಫಿಟ್ಟರುಗಳಿಂದಲೇ.

ಹೊರದೇಶದ ಒಬ್ಬ ಪ್ರೊಫೆಸರಮ್ಮ ಅವಳನ್ನು ತಮ್ಮ ಲ್ಯಾಬಿಗೆ ಎರಡು ವರ್ಷ ಸೇರಿಸಿಕೊಳ್ಳಲು ಒಪ್ಪಿದ್ದರು. ಜಾಗ ಇದೆ, ಯಂತ್ರ ಇದೆ, ಸಂಬಳ ಕೊಡಲು ಮಾತ್ರ ನಮ್ಮಲ್ಲಿ ಹಣವಿಲ್ಲ, ಫೆಲೋಶಿಪ್ ನೀನೇ ಹೊರಗಿನಿಂದ ತರಬೇಕು ಎಂದಿದ್ದರು. ತರುವುದಕ್ಕೆ ಅದೇನು ಅಂಗಡಿ ಸಾಮಾನೇ? ಎರಡು ಕಡೆ ಅರ್ಜಿ ಹಾಕಿದಳು, ಎರಡೂ ಕಡೆ ಇಲ್ಲ ಅಂದರು. ಉಳಿದದ್ದು ಒಂದೇ ಸಂಸ್ಥೆ. ಡಾಕ್ಟರೇಟ್ ಮುಗಿದು ನಾಲ್ಕು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದು ಅದರ ನಿಯಮ, ಅವಳಿಗೆ ಇದೇ ಕೊನೆಯ ವರ್ಷ. ಇದೂ ತಪ್ಪಿದರೆ ಸಂಶೋಧನೆಗೆ ಕೈಮುಗಿದು ಟ್ಯೂಷನ್ ಹೇಳಿಕೊಂಡಿರುತ್ತೇನೆ ಎಂದು ಮುಖ ಊದಿಸಿಕೊಂಡು ಕೂತಳು.

ನನಗೆ ರೇಗಿತು. “ಇಲ್ಲ ಅಂದೋರು ಯಾಕೆ ಇಲ್ಲ ಅಂತ ಬರೆದಿದ್ದಾರಾ?” ಎಂದು ಕೇಳಿದೆ. ಪತ್ರ ತೋರಿಸಿದಳು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ಕೆಲಸ ಚೆನ್ನಾಗಿದೆ, ಆದರೆ ಅರ್ಜಿದಾರರು ಸ್ವತಃ ಮಾಡಿದ್ದೇನು ಎಂಬುದು ಸ್ಪಷ್ಟವಿಲ್ಲ.

“ಎಲ್ಲಾ ನಾನೇ ಮಾಡಿದ್ದು ಕಣಕ್ಕ.”

“ಹಾಗಂತ ಬರೆದಿದ್ದೀಯಾ? ತಾ ಇಲ್ಲಿ, ನೋಡೋಣ.”

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಅರ್ಜಿ ಹರಡಿಕೊಂಡೆವು. ಓದುತ್ತಾ ಹೋದರೆ ನಮ್ಮ ಕಚೇರಿಯ ಕಡತ ಓದಿದ ಹಾಗಿತ್ತು. ಮಾದರಿಗಳನ್ನು ಸಂಗ್ರಹಿಸಲಾಯಿತು. ತುಕ್ಕನ್ನು ಪದರ ಪದರವಾಗಿ ಬಿಡಿಸಲಾಯಿತು. ಹೊಸ ವಿಧಾನವೊಂದನ್ನು ರೂಪಿಸಲಾಯಿತು. ಅಪ್ಪಿತಪ್ಪಿ ಯಾರಾದರೂ ಕಾಣಿಸಿಕೊಂಡರೆ ಅದು ‘ನಾವು’.

“ಯಾರೇ ಇದನ್ನ ಬಿಡಿಸಿದ್ದು? ಪಕ್ಕದ ಮನೆಯೋರಾ?”

“ನಾನು ನಾನು ಅಂತ ಬರೆದ್ರೆ ಜಂಬ ಅನ್ಸಲ್ವಾ? ಗುರುಗಳಿದ್ದಾರೆ, ಲ್ಯಾಬಿನೋರಿದ್ದಾರೆ...”

“ಪೈಪು ಹೊತ್ಕೊಂಡು ಬಂದಿದ್ದು ಗುರುಗಳಾ?”

“ಹೊತ್ತಿದ್ದು ನಾನು!” ಎಂದು ಒಳಗಿನಿಂದ ಯಜಮಾನರು ಕೂಗಿದರು. “ಸ್ಕೂಟರ್ ಸೀಟು ಹರಿದುಹೋಯ್ತು. ಅದನ್ನೂ ಬರೀರಿ!”

ಹದಿನೆಂಟು ವರ್ಷದಿಂದ ದೂರು ಬರೆದುಕೊಳ್ಳುತ್ತಿದ್ದೇನೆ. ರಸ್ತೆ ಅಗೆಯುವವರ ಪತ್ರಗಳಲ್ಲಿ ಪೈಪು ಯಾವಾಗಲೂ ‘ಒಡೆಯಲ್ಪಟ್ಟಿದೆ’. ನಾನು ಒಡೆದೆ ಅನ್ನುವ ಪುಣ್ಯಾತ್ಮ ಈವರೆಗೆ ಒಬ್ಬನೂ ಬಂದಿಲ್ಲ. ಈ ‘ಲಾಯಿತು’, ‘ಲ್ಪಟ್ಟಿತು’ಗಳೆಲ್ಲ ತಪ್ಪು ಮಾಡಿದವರು ಅವಿತುಕೊಳ್ಳುವ ಜಾಗ. “ಒಳ್ಳೇ ಕೆಲಸ ಮಾಡಿ ನೀನ್ಯಾಕೆ ಅಲ್ಲಿ ಹೋಗಿ ಕೂತಿದ್ದೀಯಾ?” ಎಂದು ಬೈದೆ. ಕೆಂಪು ಪೆನ್ನು ಹಿಡಿದು ಪ್ರತಿ ‘ಲಾಯಿತು’ ಮೇಲೂ ಗೀಟೆಳೆದೆ, ಅವಳು ಒಂದೊಂದನ್ನೇ ತಿದ್ದಿದಳು. ಮೊದಲನೇ ‘ನಾನು’ ಬರೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಸುಳ್ಳು ಒಂದೂ ಸೇರಿಸಲಿಲ್ಲ. ಗುರುಗಳು ಮಾಡಿದ್ದು ಗುರುಗಳ ಹೆಸರಿನಲ್ಲೇ ಇತ್ತು.

ಮೂರು ತಿಂಗಳಿಗೆ ಸಂದರ್ಶನಕ್ಕೆ ಕರೆ ಬಂತು. ಕಂಪ್ಯೂಟರ್ ಪರದೆಯ ಮೇಲೆ ಐದು ಮುಖಗಳು, ಇತ್ತ ಇವಳೊಬ್ಬಳು. ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಅದರಲ್ಲಿ ನಾಚಿಕೆ ಎಂಥದು? ಪದರ ಬಿಡಿಸುವ ವಿಧಾನ ಯಾರದು ಎಂದು ಒಬ್ಬರು ಕೇಳಿದರು. “ಅದು, ನಮ್ಮ ಲ್ಯಾಬಿನಲ್ಲಿ...” ಎಂದು ಶುರು ಮಾಡಿದಳು. ಒಳಗೆ ನುಗ್ಗಿ ಬೆನ್ನಿಗೊಂದು ಗುದ್ದೋಣ ಅನ್ನಿಸಿತು. ಅಷ್ಟರಲ್ಲಿ ಅವಳೇ ಮಾತು ತಿದ್ದಿಕೊಂಡು, “ನನ್ನದು. ಏಳು ಸಲ ಕೆಟ್ಟಿತು, ಎಂಟನೇ ಸಲ ಸರಿಹೋಯಿತು. ಹೇಗೆ ಕೆಟ್ಟಿತು ಅಂತ ಹೇಳಲಾ?” ಎಂದಳು. ಅತ್ತ ಕಡೆಯವರು ನಕ್ಕರು. ಮುಂದಿನ ಇಪ್ಪತ್ತು ನಿಮಿಷ ಅವಳನ್ನು ಹಿಡಿಯುವವರೇ ಇರಲಿಲ್ಲ.

ಫಲಿತಾಂಶ ಬಂದ ದಿನ ನನ್ನ ಕೌಂಟರಿನ ಮುಂದೆ ಉದ್ದ ಸಾಲಿತ್ತು. ಯಾರೋ ಸಾಲು ಮುರಿದು ನುಗ್ಗುತ್ತಿದ್ದಾರಲ್ಲ ಎಂದು ಗದರಲು ತಲೆ ಎತ್ತಿದರೆ ಇವಳು, ಕಾಲಲ್ಲಿ ಬಚ್ಚಲ ಚಪ್ಪಲಿ.

“ಅಕ್ಕಾ, ಸಿಕ್ತು! ಎರಡು ವರ್ಷಕ್ಕೂ ಸಿಕ್ತು!”

“ಏನಮ್ಮಾ ಸಿಕ್ಕಿದ್ದು, ನೀರಾ?” ಎಂದು ಸಾಲಿನ ಮುಂದಿದ್ದ ಅಜ್ಜ ಆಸೆಯಿಂದ ಕೇಳಿದರು. ವಿಷಯ ತಿಳಿದ ಮೇಲೆ ಇಡೀ ಸಾಲು ಚಪ್ಪಾಳೆ ತಟ್ಟಿತು.

ನಾನೂ ಬಾಯಿತುಂಬ ನಗುತ್ತಿದ್ದೆ. ಇದ್ದಕ್ಕಿದ್ದಂತೆ ಆ ಎರಡು ವರ್ಷ ಎಂಬ ಮಾತು ಎದೆಗೆ ಬಡಿಯಿತು. ಸಿಗಲಿ ಸಿಗಲಿ ಎಂದು ಅಷ್ಟು ದಿನ ಕುಣಿದವಳಿಗೆ, ಸಿಕ್ಕರೆ ಇವಳು ಮನೆಯಲ್ಲಿ ಇರುವುದಿಲ್ಲ ಎಂಬುದು ಹೊಳೆದೇ ಇರಲಿಲ್ಲ ನೋಡಿ. ಖುಷಿಗೂ ಅಳು ಬಂತು, ಅದಕ್ಕೂ ಅಳು ಬಂತು. ಕಿಂಡಿಯಿಂದ ಕೈ ಚಾಚಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವಳೂ ಅತ್ತಳು. ಸಾಲಿನಲ್ಲಿ ಒಬ್ಬರೂ ಗೊಣಗಲಿಲ್ಲ.

“ನಮ್ಮ ನೀರು ನಾಳೆ ಬಂದ್ರೂ ಆಯ್ತು,” ಎಂದರು ಆ ಅಜ್ಜ. “ನೀವಿಬ್ರೂ ಅತ್ತು ಮುಗಿಸ್ರಮ್ಮ.”