ಗುಡ್ಡದ ಕಡೆಯ ಗೋಲು

ಆ ಮಳೆಗಾಲ ಶೃಂಗೇರಿಯ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಕ್ಯಾಪ್ಟನ್ನಿಗೂ ಗೋಲ್‌ಕೀಪರನಿಗೂ ಮಾತಿರಲಿಲ್ಲ. ಹೇಳಲೇಬೇಕಾದ್ದನ್ನು ನನ್ನ ಮೂಲಕ ಹೇಳಿಕೊಳ್ಳುತ್ತಿದ್ದರು. ನಾನು ಬಲಗಡೆಯ ಡಿಫೆಂಡರ್. ಮೈದಾನದಲ್ಲೂ ಅವರಿಬ್ಬರ ನಡುವೆಯೇ ನನ್ನ ಜಾಗ.

ಜಗಳ ಶುರುವಾದದ್ದು ಬಸ್ಸಿನಿಂದ. ಗೋಲ್‌ಕೀಪರ್ ಕೆರೆಕಟ್ಟೆಯವನು. ಸಂಜೆಯ ಅಭ್ಯಾಸ ಅರ್ಧ ಆಗುವಷ್ಟರಲ್ಲಿ ಅವನ ಊರಿನ ಬಸ್ಸು ಹೊರಡುತ್ತಿತ್ತು. ಅದು ತಪ್ಪಿದರೆ ಆ ಕಾಡುದಾರಿಯಲ್ಲಿ ಬೇರೆ ಗತಿಯಿಲ್ಲ. ಅವನು ಗ್ಲೌಸ್ ಕಳಚಿ ಗೋಲಿನ ಕಂಬದ ಬುಡದಲ್ಲಿಟ್ಟು ಬೂಟಿನಲ್ಲೇ ನಿಲ್ದಾಣಕ್ಕೆ ಓಡುತ್ತಿದ್ದ. ಕ್ಯಾಪ್ಟನ್ ಪೇಟೆಯವನು. ಅವನ ಮನೆ ಮೈದಾನದಿಂದ ಕೂಗಿದರೆ ಕೇಳುವಷ್ಟು ಹತ್ತಿರ. "ನೋಡ್ರೋ, ಪ್ಯಾಸೆಂಜರ್ ಹೊರಟ," ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಓಡುವವನು ತಿರುಗಿ ನೋಡುತ್ತಿರಲಿಲ್ಲ.

ಕ್ಯಾಪ್ಟನ್ನಿನ ಗೆಳೆಯನೊಬ್ಬ ಬದಲಿ ಗೋಲ್‌ಕೀಪರ್ ಆಗಿದ್ದ. ಅವನನ್ನು ನಿಲ್ಲಿಸುವ ಆಸೆಯನ್ನು ಕ್ಯಾಪ್ಟನ್ ಮುಚ್ಚಿಡಲಿಲ್ಲ. ಕೊಪ್ಪದ ಪಂದ್ಯದ ಹಿಂದಿನ ದಿನ ನನಗೆ ಹೇಳಿದ: "ಅವನಿಗೆ ಹೇಳು. ಕೈಯಿಂದ ಒಂದು ಜಾರಿದ್ರೂ ಜಾಗ ಹೋಯ್ತು. ಆಮೇಲೆ ಮಧ್ಯಾಹ್ನದ ಬಸ್ಸಿಗೇ ಹೋಗ್ಲಿ ಬೇಕಾರೆ."

ಗೋಲ್‌ಕೀಪರ್ ಅಲ್ಲೇ, ಕೈಗೆಟಕುವಷ್ಟು ದೂರದಲ್ಲಿ ಬೂಟಿನ ದಾರ ಕಟ್ಟುತ್ತಿದ್ದ. "ಕೇಳ್ತು ಅಂತ ಹೇಳು," ಎಂದ.

ಅದು ಅವನಿಗೆ ಕಾಲೇಜಿನ ಕೊನೆಯ ವರ್ಷ. ಅಲ್ಲಿಯವರೆಗೆ ಬೆಂಚಿನಲ್ಲಿ ಕೂತು ಕಾದು ಪಡೆದ ಜಾಗ ಅದು. ಕಳೆದುಕೊಂಡರೆ ಮತ್ತೆ ಸಿಗುವಂತಿರಲಿಲ್ಲ.

ಕೊಪ್ಪದ ಮೈದಾನದ ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಪೊದೆ ಬೆಳೆದ ಗುಡ್ಡಕ್ಕೆ. ಮಳೆಯಲ್ಲಿ ಗುಡ್ಡದ ಕಡೆಯ ಗೋಲಿನ ಹುಲ್ಲಿಗೆ ಇಂಬಳ, ರಕ್ತ ಹೀರುವ ಕಾಡುಜಿಗಣೆ, ಇಳಿಯುತ್ತದೆ. ಓಡುವವರಿಗೆ ಅದು ಅಷ್ಟಾಗಿ ಹತ್ತುವುದಿಲ್ಲ, ನಿಂತವರನ್ನು ಬಿಡುವುದಿಲ್ಲ. ಟಾಸ್ ಗೆದ್ದ ಕೊಪ್ಪದವರು ಯೋಚಿಸದೆ ರಸ್ತೆಯ ಕಡೆ ತೆಗೆದುಕೊಂಡರು. ಅವರ ಹುಡುಗರು ಆಗಲೇ ಕೊಡೆ ಹಿಡಿದು ಗುಡ್ಡದ ಮೇಲೆ ಕೂತಿದ್ದರು. "ಇಂಬಳಕ್ಕೆ ಊಟ ಬಂತು," ಎಂದು ಒಬ್ಬ ಕೂಗಿದ.

ಗೋಲ್‌ಕೀಪರ್ ಸಿದ್ಧವಾಗಿಯೇ ಬಂದಿದ್ದ. ಹೊಗೆಸೊಪ್ಪು ನೆನೆಸಿದ ಬೇವಿನೆಣ್ಣೆಯ ಬಾಟಲಿ ಚೀಲದಲ್ಲಿತ್ತು. ಮಂಡಿಯಿಂದ ಕೆಳಗೆ ಚೆನ್ನಾಗಿ ಉಜ್ಜಿಕೊಂಡ. ಆಮೇಲೆ ಗ್ಲೌಸ್ ಕೇಳಿದ. ಕಾಲೇಜಿಗೆ ಇದ್ದದ್ದು ಒಂದೇ ಜೊತೆ, ಅದು ಕ್ಯಾಪ್ಟನ್ನಿನ ಬ್ಯಾಗಿನಲ್ಲಿರುತ್ತಿತ್ತು. ಬ್ಯಾಗಿನಲ್ಲಿ ಇರಲಿಲ್ಲ.

"ಮನೇಲಿ ಉಳೀತು ಅಂತ ಹೇಳು," ಎಂದ ಕ್ಯಾಪ್ಟನ್.

ಮರೆತನೋ, ಬಿಟ್ಟು ಬಂದನೋ ನನಗೆ ತಿಳಿಯದು. ಗೋಲ್‌ಕೀಪರ್ ಅಂಗೈಗಳನ್ನು ಹುಲ್ಲಿಗೆ ಒರೆಸಿದ, ಜೆರ್ಸಿಗೆ ಒರೆಸಿದ, ಕೆಸರಿನಲ್ಲಿ ತಿಕ್ಕಿದ. ಮಳೆಯ ನೀರಿಗೆ ಎಣ್ಣೆ ಬಿಡುತ್ತದೆಯೇ? ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ದೂರದಿಂದ ಒಂದು ಮೆತ್ತನೆಯ ಚೆಂಡು ಬಂತು. ಎದೆಗೆ ಸರಿಯಾಗಿ ಹಿಡಿದ. ಅದು ಅಂಗೈಗಳ ನಡುವಿನಿಂದ ಜಾರಿ, ಕಾಲ ಸಂದಿಯಲ್ಲಿ ಉರುಳಿ ಗೆರೆ ದಾಟಿತು.

"ಎಂತ ಮಾರಾಯ, ಎಣ್ಣೆಸ್ನಾನಕ್ಕೆ ಬಂದಿದ್ಯ? ಸೀಗೆಪುಡಿ ತರ್ಲನ?" ಗುಡ್ಡ ಪೂರಾ ನಕ್ಕಿತು.

ಕ್ಯಾಪ್ಟನ್ ಓಡಿಬಂದ. ಎಷ್ಟೋ ದಿನಗಳ ನಂತರ ಅವನೊಂದಿಗೆ ನೇರವಾಗಿ ಆಡಿದ ಮಾತು, "ಹೊರಗೆ ಹೋಗು."

ಗೆಳೆಯ ಒಳಗೆ ಬಂದ. ಹೊರಗೆ ಹೋದವನು ಬೆಂಚಿಗೆ ಹೋಗಲಿಲ್ಲ. ಬಾಟಲಿ ಹಿಡಿದು ಗೋಲಿನ ಹಿಂದೆ ಮಳೆಯಲ್ಲೇ ನಿಂತ. ತುಸು ಹೊತ್ತಿಗೆ ಗೆಳೆಯ ಒಂದು ಕಾಲಿಗೆ ಇನ್ನೊಂದು ಕಾಲು ಉಜ್ಜತೊಡಗಿದ. ಕಾಲುಚೀಲದ ಮೇಲೆ ರಕ್ತ ಕಾಣುತ್ತಿತ್ತು.

"ಆ ಎಣ್ಣೆ ಸ್ವಲ್ಪ ಕೊಡ ಮಾರಾಯ."

"ಕೈ ಜಾರ್ತದೆ."

"ಕಾಲಿಗೆ ಮಾತ್ರ ಹಚ್ಕಳ್ತೆ."

"ನಾನು ಹಚ್ಚಿದ್ದೂ ಕಾಲಿಗೇ." ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ತಿರುಗಿಸಿ ಬಿಗಿ ಮಾಡಿದ.

ಕೊಪ್ಪದವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಗಾಳಿಯಲ್ಲಿದ್ದಾಗ ಗೆಳೆಯ ಮಂಡಿಯ ಹಿಂಬದಿಗೆ ಕಚ್ಚಿದ್ದನ್ನು ಕೀಳಲು ಬಗ್ಗಿದ. ಅವರ ಫಾರ್ವರ್ಡ್ ತಲೆ ಕೊಟ್ಟ. ಗೆಳೆಯ ಎದ್ದು ನಿಲ್ಲುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು, ಇಂಬಳ ಅವನ ಬೆರಳಿಗೆ ಅಂಟಿಕೊಂಡಿತ್ತು. ನಾವು ಸೋತೆವು. ನಾವು ಶೃಂಗೇರಿ ತಲುಪುವ ಮೊದಲೇ ಚೆಂಡು ಜಾರಿದ್ದು, ಗೆಳೆಯ ಬಗ್ಗಿದ್ದು ಎರಡರ ವಿಡಿಯೊ ಕೊಪ್ಪದವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಓಡಾಡುತ್ತಿತ್ತು. ಬಸ್ಸಿನಲ್ಲಿ ಗೋಲ್‌ಕೀಪರ್ ಡ್ರೈವರಿನ ಪಕ್ಕ ಕೂತ. ಹಿಂದೆ ಕೂತ ನಮ್ಮಲ್ಲಿ ಯಾರೂ ಅವನನ್ನು ಕರೆಯಲಿಲ್ಲ.

ಆಮೇಲೆ ಗೆಳೆಯ ಗೋಲಿಗೆ ನಿಲ್ಲಲು ಒಪ್ಪಲಿಲ್ಲ. "ಬೇಕಾರೆ ನೀನೇ ನಿಂತ್ಕ," ಎಂದು ಕ್ಯಾಪ್ಟನ್ನಿಗೆ ಹೇಳಿ ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟ. ಉಳಿದದ್ದು ಒಂದು ಪಂದ್ಯ, ನಮ್ಮ ಮೈದಾನದಲ್ಲಿ, ನರಸಿಂಹರಾಜಪುರದವರ ಮೇಲೆ.

"ಅವನಿಗೆ ಬರಕ್ಕೆ ಹೇಳು," ಎಂದು ಕ್ಯಾಪ್ಟನ್ ನನ್ನನ್ನು ಕಳಿಸಿದ. ಕ್ಯಾಂಟೀನಿನಲ್ಲಿ ಗೋಲ್‌ಕೀಪರ್ ಟೀ ಕುಡಿಯುತ್ತಿದ್ದ. "ಬೇಕಾದವ ಬಂದು ಹೇಳ್ಲಿ," ಎಂದ. ಕ್ಯಾಪ್ಟನ್ ಬರಬೇಕಾಯಿತು. ಬಂದು, ಗ್ಲೌಸನ್ನು ಟೀ ಲೋಟದ ಪಕ್ಕ ಇಟ್ಟ.

"ಶನಿವಾರ ಆಟ."

"ನಂಗೆ ಬಸ್ಸಿದೆ."

"ಮುಗಿದ ಕೂಡ್ಲೇ ಹೋಗು."

"ಪ್ಯಾಸೆಂಜರ್ ಅಂತ ಕೂಗದು?"

ಕ್ಯಾಪ್ಟನ್ ಗೋಡೆಯನ್ನು ನೋಡಿದ. "ಇಲ್ಲ."

ಕ್ಯಾಪ್ಟನ್ ಹೊರಗೆ ಹೋಗುವವರೆಗೆ ಗೋಲ್‌ಕೀಪರ್ ಗ್ಲೌಸ್ ಮುಟ್ಟಲಿಲ್ಲ.

ನರಸಿಂಹರಾಜಪುರದವರು ವಿಡಿಯೊ ನೋಡಿಕೊಂಡೇ ಬಂದಿದ್ದರು. ವಿರಾಮದ ನಂತರ ಅವರ ಕಡೆಯವನೊಬ್ಬ ನಮ್ಮ ಗೋಲಿನ ಕಂಬದ ಪಕ್ಕ ಎಣ್ಣೆಯ ಬಾಟಲಿ ಇಟ್ಟು ಹೋದ. "ಹಚ್ಕಳ ಮಾರಾಯ, ನಮ್ಮ ಲೆಕ್ಕದಲ್ಲಿ." ಗೋಲ್‌ಕೀಪರ್ ಅದನ್ನು ಒದೆಯಲಿಲ್ಲ, ತೆಗೆಯಲಿಲ್ಲ. ಆಟ ಮುಗಿಯುವವರೆಗೆ ಬಾಟಲಿ ಅಲ್ಲೇ ಇತ್ತು, ಅದರ ಪಕ್ಕದಿಂದ ಒಂದು ಚೆಂಡೂ ಒಳಗೆ ಹೋಗಲಿಲ್ಲ. ಕೊನೆಯ ಹೊತ್ತಿಗೆ ನಾನು ಅವನಿಗೆ ಹಿಂದಕ್ಕೆ ಕೊಟ್ಟ ಕೆಟ್ಟ ಪಾಸನ್ನು ಎದುರಾಳಿಯ ಕಾಲಿನಿಂದ ಕಿತ್ತುಕೊಂಡ. ನನ್ನನ್ನೂ ನೋಡಲಿಲ್ಲ. ನಮ್ಮನ್ನು ಗೆಲ್ಲಿಸಿದ ಒಂದೇ ಗೋಲು ಕ್ಯಾಪ್ಟನ್ ಹೊಡೆದದ್ದು.

ಶಿಳ್ಳೆಯಾದ ಮೇಲೆ ಕ್ಯಾಪ್ಟನ್ ಮೈದಾನದ ಉದ್ದಕ್ಕೂ ನಡೆದು ಬಂದು ಕೈ ಚಾಚಿದ. ಎಲ್ಲರೂ ನೋಡುತ್ತಿದ್ದೆವು. ಗೋಲ್‌ಕೀಪರ್ ಗ್ಲೌಸ್ ಕಳಚಿ, ನೀರು ಸೋರುತ್ತಿದ್ದ ಎರಡನ್ನೂ ಆ ಚಾಚಿದ ಕೈಯ ಮೇಲಿಟ್ಟು, ಬೂಟಿನಲ್ಲೇ ನಿಲ್ದಾಣದ ಕಡೆ ಓಡಿದ.

ಕ್ಯಾಪ್ಟನ್ ಬಾಯಿ ತೆರೆದ. ಏನನ್ನೂ ಕೂಗಲಿಲ್ಲ.